‘ನೀವು’ ‘ನೀನು’ ಆದ ರಾತ್ರಿ

ರಾತ್ರಿ ಹನ್ನೊಂದಕ್ಕೆ ಹಾಲಿಗೆ ಹೆಪ್ಪು ಹಾಕಿ, ಗ್ಯಾಸ್ ಆಫ್ ಮಾಡಿ, ಹಿತ್ತಲ ಬಾಗಿಲಿನ ಚಿಲಕವನ್ನು ಎರಡೆರಡು ಸಲ ನೋಡಿ ಬಂದ ಮೇಲೆ ನಾನು ಲಂಡನ್ನಿಗೆ ಹೋಗುತ್ತೇನೆ. ಬೇಕರ್ ಬೀದಿಯ 221ಬಿ ಮನೆಯ ಮಹಡಿಯಲ್ಲಿ ಇಬ್ಬರು ಗಂಡಸರು ಬೆಂಕಿಗೂಡಿನ ಮುಂದೆ ಕೂತಿರುತ್ತಾರೆ. ಒಬ್ಬರು ಪೈಪು ಸೇದುತ್ತಿರುತ್ತಾರೆ, ಇನ್ನೊಬ್ಬರು ಪೇಪರ್ ಓದುತ್ತಿರುತ್ತಾರೆ. ಅವರಿಬ್ಬರ ನಡುವೆ ಏನೋ ಇದೆ ಎಂದು ನನಗೆ ಗೊತ್ತು. ನನ್ನ ಹನ್ನೊಂದು ಮಂದಿ ಓದುಗರಿಗೂ ಗೊತ್ತು. ಅವರಿಬ್ಬರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಆಗಲೇ ಮೂವತ್ತೆರಡು ಕಂತು ಮುಗಿದಿವೆ.

ಮನೆಯಲ್ಲಿ ಇದು ಆಫೀಸಿನ ಲೆಕ್ಕದ ಕೆಲಸ ಎಂದೇ ನಂಬಿಕೆ. “ಮಾರ್ಚ್ ಎಂಡ್ ಅಲ್ವಾ, ಪಾಪ” ಎಂದು ನನ್ನ ಗಂಡ ಒಮ್ಮೆ ಮರುಗಿ ಮಗ್ಗುಲು ಬದಲಿಸಿದ. ಈಗ ಜುಲೈ. ಅವನ ಪಾಲಿಗೆ ಮಾರ್ಚ್ ಇನ್ನೂ ಮುಗಿದಿಲ್ಲ, ನಾನೂ ಕ್ಯಾಲೆಂಡರ್ ತೋರಿಸಲು ಹೋಗಿಲ್ಲ.

ನಾನು ಬರೆಯುವುದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಪಕ್ಕದ ಮನೆಯಿಂದ ಪಾತ್ರೆ ಕಡ ತಂದ ಹಾಗೆ ನಾವು ಪಾತ್ರಗಳನ್ನು ಕಡ ತರುತ್ತೇವೆ. ಕಡ ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ನಮ್ಮ ಕಡೆ ರೂಢಿ. ನಾನು ಸ್ವಲ್ಪ ಪ್ರೇಮ ಹಾಕಿ ಕೊಡುತ್ತೇನೆ. ಅಷ್ಟೇ ನನ್ನ ಅಪರಾಧ.

ಈ ಕುಲಕಸುಬಿಗೆ ಮೂಲಪುರುಷರು ಹೋಮ್ಸ್ ಮತ್ತು ವಾಟ್ಸನ್ ಅಲ್ಲ, ಆಕಾಶದಲ್ಲಿ ಹಡಗು ಓಡಿಸುವ ಇನ್ನಿಬ್ಬರು. 1966ರಲ್ಲಿ ಅಮೆರಿಕದ ಟೀವಿಯಲ್ಲಿ ‘ಸ್ಟಾರ್ ಟ್ರೆಕ್’ ಶುರುವಾಯಿತು. ಕ್ಯಾಪ್ಟನ್ ಕರ್ಕ್ ಅಂಗಿ ಹರಿದುಕೊಂಡು ಹೊಡೆದಾಡುವ ಆಸಾಮಿ. ಅವನ ಜೊತೆಗಾರ ಸ್ಪಾಕ್ ಚೂಪು ಕಿವಿಯವನು, ತರ್ಕ ಬಿಟ್ಟರೆ ಬೇರೆ ಮಾತಿಲ್ಲ, ನಗುವುದಂತೂ ಇಲ್ಲವೇ ಇಲ್ಲ. 1967ರ ‘ಅಮಾಕ್ ಟೈಮ್’ ಎಂಬ ಕಂತಿನಲ್ಲಿ ಈ ಸ್ಪಾಕ್ ಮದುವೆಗೆಂದು ತನ್ನ ಊರಿಗೆ ಹೋಗುತ್ತಾನೆ. ಅಲ್ಲಿ ನಡೆಯಬಾರದ್ದು ನಡೆದು, ಕೈಯಾರೆ ಕರ್ಕನನ್ನು ಕೊಂದೆ ಎಂದುಕೊಂಡು ಹಡಗಿಗೆ ಮರಳುತ್ತಾನೆ. ನೋಡಿದರೆ ಕರ್ಕ್ ಜೀವಂತ ನಿಂತಿದ್ದಾನೆ! ಸ್ಪಾಕ್ ಅವನ ಎರಡೂ ತೋಳು ಹಿಡಿದು ಮುಖದ ತುಂಬ ನಕ್ಕುಬಿಡುತ್ತಾನೆ. ಮರುಕ್ಷಣವೇ ನಾಚಿ ಮುಖ ಗಂಟಿಕ್ಕಿಕೊಳ್ಳುತ್ತಾನೆ. ಆ ನಗು ಇದ್ದದ್ದು ಒಂದೆರಡು ಸೆಕೆಂಡು. ಅದರ ಮೇಲೆ ಬರೆದದ್ದು ಅರ್ಧ ಶತಮಾನವಾದರೂ ಮುಗಿದಿಲ್ಲ.

ಬರೆದವರಲ್ಲಿ ಬಹುಪಾಲು ಹೆಂಗಸರು. ಕೈಯಿಂದ ಕೈಗೆ, ಅಂಚೆಯಿಂದ ಅಂಚೆಗೆ ಸಾಗುತ್ತಿದ್ದ ಸಣ್ಣ ಅಭಿಮಾನಿ ಪತ್ರಿಕೆಗಳು ಅವರವು. 1974ರಲ್ಲಿ ‘ಗ್ರಪ್’ ಎಂಬ ಪತ್ರಿಕೆಯಲ್ಲಿ ಅಂಥದೊಂದು ಪುಟ್ಟ ಪ್ರೇಮಪ್ರಸಂಗ ಅಚ್ಚಾಯಿತು. ಅದರಲ್ಲಿ ಇಬ್ಬರ ಹೆಸರನ್ನೂ ಹೇಳಿರಲಿಲ್ಲ. ಆದರೂ ಓದಿದವರಿಗೆ ಯಾರೆಂದು ತಿಳಿಯಿತು. ಗಂಡನ ಹೆಸರು ಹೇಳದೆ ಊರಿಗೆಲ್ಲ ಗೊತ್ತು ಮಾಡಿಸುವ ವಿದ್ಯೆ ನಮ್ಮ ಅಜ್ಜಿಯರಿಗೆ ಮಾತ್ರ ಇದ್ದದ್ದಲ್ಲ. ಆಮೇಲೆ ಕರ್ಕ್, ಸ್ಪಾಕ್ ಹೆಸರುಗಳ ನಡುವೆ ಒಂದು ಓರೆಗೆರೆ ಎಳೆಯುವ ಪದ್ಧತಿ ಬಂತು. ಆ ಗೆರೆಯ ಇಂಗ್ಲಿಷ್ ಹೆಸರೇ ಈ ಇಡೀ ಪ್ರಕಾರಕ್ಕೆ ಹೆಸರಾಯಿತು: ಸ್ಲ್ಯಾಶ್. ಕುಚಿಕು ಗೆಳೆಯರ ನಡುವೆ ಗೆರೆ ಎಳೆದರೆ ಬೇರೆ ಮಾಡಿದ ಹಾಗೆ ಎಂದು ನಾವು ತಿಳಿದಿದ್ದೆವು. ಇಲ್ಲಿ ಗೆರೆ ಎಳೆದರೆ ಗಂಟು ಹಾಕಿದ ಹಾಗೆ.

ಸೃಷ್ಟಿಕರ್ತ ಜೀನ್ ರಾಡನ್‌ಬೆರಿಗೂ ಈ ಗುಸುಗುಸು ಮುಟ್ಟಿತ್ತು. 1979ರ ಸಿನಿಮಾವನ್ನು ಅವರೇ ಕಾದಂಬರಿ ಮಾಡಿದಾಗ ಸ್ಪಾಕನ ಭಾಷೆಯ ಒಂದು ಪದಕ್ಕೆ ಅಡಿಟಿಪ್ಪಣಿ ಕೊಟ್ಟರು. ಅದರ ಅರ್ಥ ಗೆಳೆಯ ಎಂದೂ ಆಗಬಹುದು, ಸಹೋದರ ಎಂದೂ ಆಗಬಹುದು, ಪ್ರಿಯಕರ ಎಂದೂ ಆಗಬಹುದಂತೆ. ಜೊತೆಗೆ, ನನಗೆ ಹೆಂಗಸರೇ ಇಷ್ಟ ಎಂದು ಕರ್ಕನ ಬಾಯಿಂದ ಸಮಜಾಯಿಷಿಯನ್ನೂ ಹೇಳಿಸಿದರು. ಬಾಗಿಲು ಮುಚ್ಚಿದ್ದೂ ಆಯಿತು, ಅಗುಳಿ ಹಾಕದೆ ಬಿಟ್ಟದ್ದೂ ಆಯಿತು. ನಮಗೆ ಅಷ್ಟು ಸಾಕಲ್ಲ!

“ಸ್ನೇಹವನ್ನು ಸ್ನೇಹವಾಗಿಯೇ ಇರಲು ಬಿಡಬಾರದೇ?” ಎಂದು ಕೇಳುವವರಿದ್ದಾರೆ. ಬಿಡಬಹುದು. ಆದರೆ ನನ್ನ ಹೋಮ್ಸ್ ಮಾಡಿದ್ದನ್ನು ಒಂದಿಷ್ಟು ಕೇಳಿ. ಅವನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ 1893ರಲ್ಲಿ ಅವನನ್ನು ಜಲಪಾತಕ್ಕೆ ತಳ್ಳಿ ಕೈ ತೊಳೆದುಕೊಂಡರು. ಓದುಗರ ಕಾಟ ತಾಳದೆ 1903ರಲ್ಲಿ ಮತ್ತೆ ಬದುಕಿಸಿದರು. ಕಥೆಯೊಳಗಿನ ಲೆಕ್ಕದಲ್ಲಿ ಮೂರು ವರ್ಷ ಸತ್ತವನ ಹಾಗಿದ್ದ ಹೋಮ್ಸ್, ಮುದಿ ಪುಸ್ತಕ ವ್ಯಾಪಾರಿಯ ವೇಷದಲ್ಲಿ ವಾಟ್ಸನ್ನನ ಮುಂದೆ ಬಂದು ವೇಷ ಕಳಚುತ್ತಾನೆ. ಅಫ್ಘಾನ್ ಯುದ್ಧದಲ್ಲಿ ಗುಂಡು ತಿಂದ ಮಿಲಿಟರಿ ಡಾಕ್ಟರು ಜೀವನದಲ್ಲಿ ಮೊದಲ ಸಲ ಮೂರ್ಛೆ ಹೋಗುತ್ತಾರೆ. ಎಚ್ಚರವಾದಾಗ ಕಾಲರ್ ಸಡಿಲವಾಗಿದೆ, ತುಟಿಯ ಮೇಲೆ ಬ್ರಾಂದಿಯ ರುಚಿ. ಇದನ್ನು ಬರೆದದ್ದು ನಾನಲ್ಲ, ಡಾಯ್ಲ್.

ಅದರ ಮುಂದಿನ ಕಥೆಯಲ್ಲಿ ಇನ್ನೊಂದು ವಿಷಯ ಬರುತ್ತದೆ, ಅದೂ ನಡುವೆ ಬಾಯಿ ತಪ್ಪಿ ಬಂದ ಹಾಗೆ. ವಾಟ್ಸನ್ ತನ್ನ ಕ್ಲಿನಿಕ್ಕನ್ನು ಮಾರಿ ಮತ್ತೆ ಬೇಕರ್ ಬೀದಿಗೆ ಬಂದಿದ್ದಾನೆ. ಕೊಂಡವನು ವರ್ನರ್ ಎಂಬ ಎಳೆಯ ಡಾಕ್ಟರು. ವಾಟ್ಸನ್ ಅಳುಕುತ್ತಲೇ ಹೇಳಿದ ಅತಿ ಹೆಚ್ಚಿನ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟ. ವರ್ಷಗಳು ಕಳೆದ ಮೇಲೆ ತಿಳಿಯುತ್ತದೆ, ಆ ವರ್ನರ್ ಹೋಮ್ಸನ ದೂರದ ನೆಂಟ, ದುಡ್ಡು ಹೊಂದಿಸಿದವನು ಹೋಮ್ಸ್. ಗೆಳೆಯ ಜೊತೆಗಿರಲಿ ಎಂದು ಬೇನಾಮಿಯಲ್ಲಿ ಅವನ ಕ್ಲಿನಿಕ್ ಕೊಂಡುಕೊಳ್ಳುವುದೇ! ಅಳಿಯ ಊರು ಬಿಡದಿರಲಿ ಎಂದು ನಮ್ಮ ಕಡೆ ಮಾವಂದಿರು ಸೈಟು ಕೊಡಿಸುವುದನ್ನು ನೋಡಿದ್ದೇನೆ. ಅವರೂ ಊರಿಗೆಲ್ಲ ಸಾರಿಯೇ ಕೊಡಿಸುತ್ತಾರೆ.

ಈ ಅನುಮಾನ ನನ್ನೊಬ್ಬಳದೂ ಅಲ್ಲ. 1941ರಲ್ಲಿ ನ್ಯೂಯಾರ್ಕಿನ ಹೋಮ್ಸ್ ಅಭಿಮಾನಿಗಳ ಔತಣದಲ್ಲಿ, ಅದೂ ಬರೀ ಗಂಡಸರ ಸಭೆಯಲ್ಲಿ, ಪತ್ತೇದಾರಿ ಕಥೆಗಾರ ರೆಕ್ಸ್ ಸ್ಟೌಟ್ ಎದ್ದು ನಿಂತು ವಾಟ್ಸನ್ ನಿಜಕ್ಕೂ ಹೆಂಗಸು, ಹೋಮ್ಸನ ಹೆಂಡತಿ ಎಂದು ಮಂಡಿಸಿದರು. ತಮಾಷೆಗೆ ಹೇಳಿದ್ದು, ಸರಿ. ಆದರೆ ತಮಾಷೆಯ ಒಳಗೊಂದು ಒಪ್ಪಿಗೆಯಿದೆ. ಇಬ್ಬರೂ ಸಂಸಾರ ಮಾಡುತ್ತಿದ್ದಾರೆ ಎನ್ನುವುದು ಅವರ ಕಣ್ಣಿಗೂ ಬಿದ್ದಿತ್ತು. ಸಂಸಾರ ಎಂದ ಮೇಲೆ ಒಬ್ಬರು ಹೆಂಗಸಾಗಿರಲೇಬೇಕು ಎಂದುಕೊಂಡರು, ಅಷ್ಟೇ.

ಇನ್ನು ನನ್ನ ಕಷ್ಟಕ್ಕೆ ಬರುತ್ತೇನೆ. ಇಬ್ಬರು ಗಂಡಸರ ಪ್ರೇಮ ಬರೆಯುವವರಿಗೆ ದೊಡ್ಡ ಶತ್ರು ಸಮಾಜವಲ್ಲ, ಸರ್ವನಾಮ. ಗಂಡುಹೆಣ್ಣಿನ ಕಥೆಯಲ್ಲಿ ‘ಅವನು ಅವಳ ಕೈ ಹಿಡಿದ’ ಎಂದರೆ ಮುಗಿಯಿತು. ಇಲ್ಲಿ ‘ಅವನು ಅವನ ಕೈ ಹಿಡಿದ’ ಎಂದು ಬರೆದರೆ ಯಾರು ಯಾರ ಕೈ ಹಿಡಿದರೆಂದು ಪತ್ತೆ ಹಚ್ಚಲು ಹೋಮ್ಸೇ ಬೇಕು. ಇಂಗ್ಲಿಷಿನಲ್ಲಿ ಬರೆಯುವವರು ಇದಕ್ಕೇ ‘ಎತ್ತರದ ಮನುಷ್ಯ’, ‘ಪತ್ತೇದಾರ’, ‘ಕಂದು ಕಣ್ಣಿನವ’ ಎಂದೆಲ್ಲ ಒದ್ದಾಡುತ್ತಾರೆ. ಕನ್ನಡದಲ್ಲಿ ನಮಗೆ ‘ತನ್ನ’ ಎಂಬ ದೇವರು ಕೊಟ್ಟ ಪದವಿದೆ. ‘ತನ್ನ ಕೈಯನ್ನು ಅವನ ಕೈಮೇಲಿಟ್ಟ’ ಎಂದು ಬರೆದು ನೆಮ್ಮದಿಯಾಗಿ ಉಸಿರು ಬಿಡಬಹುದು.

ಆದರೆ ವಿಕ್ಟೋರಿಯಾ ರಾಣಿಯ ಕಾಲದ ಮರ್ಯಾದಸ್ಥರನ್ನು ಏಕವಚನದಲ್ಲಿ ಬರೆಯಲು ಕೈ ಬರಲಿಲ್ಲ. ಒಂದು ಕಂತಿನಲ್ಲಿ ಬಹುವಚನ ಹಾಕಿ ನೋಡಿದೆ. ‘ಅವರು ಅವರನ್ನು ನೋಡಿದರು. ಅವರ ಕೈಯನ್ನು ಅವರು ಹಿಡಿದುಕೊಂಡರು.’ ಓದಿದರೆ ಮಾನವ ಸರಪಳಿಯ ವರದಿಯಂತಿತ್ತು. ಆಮೇಲೆ ನಿರೂಪಣೆಗೆ ಏಕವಚನ, ಮಾತುಕತೆಗೆ ‘ನೀವು’ ಎಂದು ರಾಜಿ ಮಾಡಿಕೊಂಡೆ.

ಅಲ್ಲಿಂದ ಶುರುವಾಯಿತು ನಿಜವಾದ ಪೇಚು. ಇಂಗ್ಲಿಷಿನ ‘ಯು’ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಅದು ಕಾನ್‌ಸ್ಟೇಬಲ್‌ಗೂ ಅದೇ, ಕಟ್ಟಿಕೊಂಡವರಿಗೂ ಅದೇ. ಕನ್ನಡದಲ್ಲಿ ಹಾಗಾಗದು. ಹೋಮ್ಸ್ ಒಂದಲ್ಲ ಒಂದು ದಿನ ವಾಟ್ಸನ್ನನನ್ನು ‘ನೀನು’ ಎನ್ನಲೇಬೇಕು. ಯಾವಾಗ? ಮೊದಲ ಕಂತಿನಲ್ಲಿ ಅಂದರೆ ಕಾಲೇಜು ಹುಡುಗರಂತೆ ಕಾಣುತ್ತಾರೆ. ಅನ್ನದೇ ಹೋದರೆ ಕೊನೆಯವರೆಗೂ ಸಹಕಾರಿ ಸಂಘದ ನಿರ್ದೇಶಕರಂತೆ ಉಳಿದುಬಿಡುತ್ತಾರೆ. ಮೂವತ್ತೆರಡು ಕಂತಿನ ತನಕ ನಾನು ಇದನ್ನು ಮುಂದೂಡುತ್ತ ಬಂದಿದ್ದೆ. ಓದುಗರು ಇದನ್ನು ನಿಧಾನ ಕುದಿತದ ಪ್ರೇಮವೆಂದು ಹೊಗಳುತ್ತಿದ್ದರು. ಒಲೆ ಹಚ್ಚುವುದು ಹೇಗೆಂದೇ ತಿಳಿಯದೆ ಕೂತಿದ್ದೇನೆ ಎಂದು ನಾನು ಬಾಯಿ ಬಿಡಲಿಲ್ಲ.

ಕಳೆದ ಭಾನುವಾರ ಕಳ್ಳತನ ಬಯಲಾಯಿತು. ಕಾಗದದ ಮೇಲಾದರೆ ತಪ್ಪು ಕಾಣುತ್ತವೆಂದು ಮೂವತ್ತೊಂದನೇ ಕಂತನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಿದ್ದೆ. ನಮ್ಮತ್ತೆ ಹಪ್ಪಳದ ಡಬ್ಬದ ತಳಕ್ಕೆ ಹಾಸಲು ಅದನ್ನೇ ತೆಗೆದುಕೊಂಡರು. ಬರೀ ಹಾಸಿದ್ದರೆ ಚಿಂತೆಯಿರಲಿಲ್ಲ. ಅವರು ಕಡಲೆಕಾಯಿ ಪೊಟ್ಟಣದ ಕಾಗದವನ್ನೂ ಬಿಡಿಸಿ ಓದುವ ಪೈಕಿ.

“ಏನೇ, ಈ ವಾಟ್ಸನ್ ಡಾಕ್ಟ್ರೂ ಆ ಪತ್ತೇದಾರ್‍ರೂ ಎಷ್ಟು ವರ್ಷದಿಂದ ಒಂದೇ ಮನೇಲಿದಾರೆ?”

“ಒಂದು... ಹತ್ತು ವರ್ಷ ಆಗಿರಬಹುದು ಅತ್ತೆ.”

“ಇಬ್ಬರೂ ಗಂಡಸರೇ ತಾನೆ?”

ನಾನು ಸೀರೆಯ ನೆರಿಗೆಯನ್ನು ಸುಮ್ಮನೆ ಸರಿಮಾಡಿಕೊಂಡೆ. “ಹೌದು ಅತ್ತೆ.”

“ಹ್ಞೂ. ಅದಕ್ಕೇ ಇಷ್ಟು ನಿಧಾನ” ಎಂದು ಡಬ್ಬದ ಮುಚ್ಚಳ ಒತ್ತಿದರು.

ಅತ್ತೆ ಶನಿವಾರ ತಪ್ಪದೆ ಗಮಕ ಕೇಳುವವರು. ಟೀವಿ ಧಾರಾವಾಹಿ ನೋಡುವಾಗಲೂ ಸುಮ್ಮನಿರದೆ, ಹೀಗಲ್ಲ, ಹಾಗಾಗಬೇಕಿತ್ತು ಎಂದು ದಿನಾ ಕಥೆ ತಿದ್ದುವವರು. ಅವರ ಮುಂದೆ ಮರೆಮಾಚಿ ಫಲವಿಲ್ಲವೆಂದು ಎಲ್ಲ ಹೇಳಿಬಿಟ್ಟೆ. ಬೇರೆಯವರ ಕಥೆಗೆ ಕೈ ಹಾಕುವುದು ತಪ್ಪಲ್ಲವೆಂದು ಸಾಧಿಸಲು ಪಂಪನನ್ನೂ ಕರೆತಂದೆ. 941ರಲ್ಲಿ ಆತ ವ್ಯಾಸರ ಕಥೆಯನ್ನು ತೆಗೆದುಕೊಂಡು, ಐವರ ಹೆಂಡತಿಯಾಗಿದ್ದ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಲಿಲ್ಲವೇ? ಆ ಅರ್ಜುನನೊಳಗೆ ತನ್ನ ದೊರೆ ಅರಿಕೇಸರಿಯನ್ನು ತಂದು ಕೂರಿಸಲಿಲ್ಲವೇ? ಅದಕ್ಕೆ ಅಗ್ರಹಾರವನ್ನೇ ಉಂಬಳಿ ಪಡೆಯಲಿಲ್ಲವೇ? ನನಗೆ ಸಿಗುವುದು ಕಥೆಯ ಕೆಳಗೆ ಒಂದು ಸಣ್ಣ ಹೃದಯದ ಗುರುತು. ನಮ್ಮಂಥವರ ಕಥೆಗಳನ್ನೆಲ್ಲ ಕೂಡಿಟ್ಟಿರುವ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಜಾಲತಾಣಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಲಕ್ಷಾಂತರ ಕಥೆಗಳ ನಡುವೆ ಹಂಚಿದರೆ ನನ್ನ ಪಾಲಿಗೆ ಸಾಸಿವೆಯ ಸಿಪ್ಪೆಯಷ್ಟು ಬಂದೀತು. ಅದನ್ನೂ ಹೇಳಿಕೊಂಡೆ.

ಅತ್ತೆ ಪಂಪನನ್ನು ಅಲ್ಲಿಗೇ ಹಿಡಿದರು. “ಮುತ್ತಿನ ಹಾರದ ಕಥೆ ಅವನದೇ ಅಲ್ವೇನೇ?” ಅವನದೇ. ಪಗಡೆಯಲ್ಲಿ ಸೋತ ಭಾನುಮತಿಯನ್ನು ಪಣ ಕೊಡೆಂದು ಕರ್ಣ ಕಾಡುತ್ತಾನೆ, ಹಾರ ಹರಿದು ಮುತ್ತು ಚೆಲ್ಲಾಪಿಲ್ಲಿಯಾಗುತ್ತದೆ. ಆ ಹೊತ್ತಿಗೆ ಬಂದ ಗಂಡ ದುರ್ಯೋಧನ ಹುಬ್ಬು ಕೂಡ ಗಂಟಿಕ್ಕದೆ, ಈ ಮುತ್ತುಗಳನ್ನು ಆಯಲೇ ಎಂದು ಕೇಳಿದನೆಂದು ಕರ್ಣನೇ ನೆನೆಯುತ್ತಾನೆ. “ಅವನಿಗೆ ನಂಬಿಕೆ ಇದ್ದದ್ದು ಹೆಂಡತಿ ಮೇಲೋ, ಗೆಳೆಯನ ಮೇಲೋ?” ಎಂದರು ಅತ್ತೆ. ನಾನು ಉತ್ತರ ಕೊಡಲಿಲ್ಲ. ಆ ಇಬ್ಬರ ಹೆಸರಿನ ನಡುವೆ ಓರೆಗೆರೆ ಎಳೆಯುವ ಧೈರ್ಯ ನನಗಿಲ್ಲ. ನಾನು ಇದೇ ಬೀದಿಯಲ್ಲಿ ಬಾಳಬೇಕು.

“ಅದಿರಲಿ, ನಿನ್ನ ಡಾಕ್ಟ್ರು ‘ನೀನು’ ಅನ್ನೋದು ಯಾವಾಗ?” ಎಂದು ಅತ್ತೆ ಮತ್ತೆ ಲಂಡನ್ನಿಗೆ ಬಂದರು. ಅದೇ ತಿಳಿಯುತ್ತಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಕೈಯಲ್ಲಿದ್ದ ಹಪ್ಪಳವನ್ನೇ ನೋಡಿದರು.

“ನಿಮ್ಮ ಮಾವನ್ನ ನಲವತ್ತಾರು ವರ್ಷ ನೀವು ಅಂದೆ. ಒಂದೇ ಒಂದು ಸಲ ಬಾಯಿ ತಪ್ತು. ಬಚ್ಚಲಲ್ಲಿ ಜಾರಿ ಬಿದ್ದು ಹಣೆ ಒಡ್ಕೊಂಡಿದ್ರಲ್ಲ, ಆವತ್ತು. ರಕ್ತ ನೋಡಿ, ‘ಏನಾಯ್ತೋ ನಿಂಗೆ’ ಅಂದ್ಬಿಟ್ಟೆ.”

“ಮಾವ ಏನಂದ್ರು?”

“ಹಣೆ ಒತ್ತಿಹಿಡ್ಕೊಂಡೇ ನಕ್ಕರು. ಸಾಯೋ ತನಕ ಒಬ್ಬರ ಹತ್ರಾನೂ ಹೇಳ್ಲಿಲ್ಲ.”

ಆ ರಾತ್ರಿ ಹೆಪ್ಪು ಹಾಕುವುದನ್ನೂ ಮರೆತು ಲಂಡನ್ನಿಗೆ ಓಡಿದೆ. ಡಾಯ್ಲ್ ಅವರದೇ ಒಂದು ಕಥೆಯಿದೆ, ‘ಮೂವರು ಗ್ಯಾರಿಡೆಬ್‌ಗಳು’. ಅದರಲ್ಲಿ ಕಳ್ಳನೊಬ್ಬ ಹಾರಿಸಿದ ಗುಂಡು ವಾಟ್ಸನ್ನನ ತೊಡೆ ಸವರಿಕೊಂಡು ಹೋಗುತ್ತದೆ. ಹೋಮ್ಸ್ ಓಡಿ ಬಂದು ಅವನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸುತ್ತಾನೆ, ಚಾಕುವಿನಿಂದ ಪ್ಯಾಂಟು ಸೀಳಿ ಗಾಯ ನೋಡುತ್ತಾನೆ. ಆ ಕಲ್ಲಿನಂಥ ಮುಖದ ತುಟಿ ನಡುಗುವುದನ್ನು ವಾಟ್ಸನ್ ಅದೊಂದೇ ಸಲ ಕಾಣುತ್ತಾನೆ. ಇದಕ್ಕಾಗಿ ಒಂದಲ್ಲ, ಎಷ್ಟು ಗಾಯವಾದರೂ ಸರಿ ಎಂದುಕೊಳ್ಳುತ್ತಾನೆ. ಎಷ್ಟೋ ಸಲ ಓದಿದ್ದ ದೃಶ್ಯ. ಮೂವತ್ತಮೂರನೇ ಕಂತಿನಲ್ಲಿ ಅದನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟೆ. ನಾನು ಸೇರಿಸಿದ್ದು ಹೋಮ್ಸನ ಬಾಯಿಗೆ ಮೂರೇ ಪದ: “ಏನಾಯ್ತೋ ವಾಟ್ಸನ್ ನಿಂಗೆ?”

ಬೆಳಗಾಗುವಷ್ಟರಲ್ಲಿ ಓದುಗರ ಮಾತು ಬಂದಿತ್ತು. ಒಬ್ಬರು ಬರೆದದ್ದು ಒಂದೇ ಪದ: “ಅತ್ತೆ.” ತೋರಿಸಿದೆ. “ನನ್ನನ್ಯಾಕೆ ಕರೀತಾರೆ?” ಎಂದರು ಅತ್ತೆ. ಓದಿ ಕಣ್ಣೀರು ಹಾಕಿದರಂತೆ ಎಂದು ಬಿಡಿಸಿ ಹೇಳಬೇಕಾಯಿತು.

ಮೂವತ್ತೊಂದನೇ ಕಂತು ಈಗ ಹಪ್ಪಳದ ಡಬ್ಬದಲ್ಲಿಲ್ಲ. ಎಣ್ಣೆ ಕಲೆಯ ಸಮೇತ ದೇವರ ಮನೆಯಲ್ಲಿ ಪಂಚಾಂಗದ ಕೆಳಗಿದೆ. ಓದುಗರು ಹನ್ನೆರಡಾದರು. ನನ್ನ ಗಂಡನ ಲೆಕ್ಕದಲ್ಲಿ ಇನ್ನೂ ಮಾರ್ಚ್ ನಡೆಯುತ್ತಿದೆ. ಮೂವತ್ತನಾಲ್ಕನೇ ಕಂತಿನಲ್ಲಿ ಗಾಯ ಮಾಗಿರುತ್ತದೆ. ಹೋಮ್ಸ್ ಪೈಪು ಹಚ್ಚಿಕೊಂಡು, “ನೀವು ಕಾಫಿ ಕುಡಿದಿರಾ, ವಾಟ್ಸನ್?” ಎನ್ನುತ್ತಾನೆ. ಇನ್ನು ಮುಂದೆ ‘ನೀವು’ ಎಂದೇ ಇರಬೇಕೆಂದು ಅತ್ತೆಯ ಕಟ್ಟಪ್ಪಣೆಯಾಗಿದೆ.