ಥರ್ಮೋಕೋಲ್ ಹೇಂಟೆ

ಹೇಂಟೆ ಮಾಡುವುದು ಬರೀ ಕೂರುವ ಕೆಲಸ ಅಂದುಕೊಂಡವರು ಆ ಕೆಲಸವನ್ನು ಒಮ್ಮೆ ತಾವೇ ವಹಿಸಿಕೊಂಡು ನೋಡಬೇಕು. ನಾನು ವಹಿಸಿಕೊಂಡೆ. ಸರ್ವಿಸ್ ಪೂರ್ತಿ ಕುರ್ಚಿಯಲ್ಲಿ ಕೂತು ನಿವೃತ್ತನಾದವನಿಗೆ ಇದೇನು ಮಹಾ ಎಂಬ ಧೈರ್ಯ.

ಮೊಟ್ಟೆಗಳು ನಾಟಿಯವು, ನಮ್ಮತ್ತೆ ಸಾರಿಗೆಂದು ಊರಿಂದ ತಂದದ್ದು. ಹೇಂಟೆ ಮಾತ್ರ ಥರ್ಮೋಕೋಲಿನದು. ನಮ್ಮ ಹಿತ್ತಲಿನ ಬಿಳಿ ಲೆಗ್‌ಹಾರ್ನ್‌ಗಳಿಗೆ ಕಾವಿಗೆ ಕೂರುವ ಅಭ್ಯಾಸವೇ ಇಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಅದು ವ್ಯಾಪಾರಕ್ಕೆ ನಷ್ಟ. ಹಾಗಾಗಿ ತಲೆಮಾರುಗಟ್ಟಲೆ ಆರಿಸಿ ಆರಿಸಿ ಆ ಬುದ್ಧಿಯನ್ನೇ ಅವುಗಳಿಂದ ಕಿತ್ತುಹಾಕಿದ್ದಾರೆ. ತಾನಿಟ್ಟ ಮೊಟ್ಟೆಯ ಮೇಲೆ ಲೆಗ್‌ಹಾರ್ನ್‌ಗೆ ಇರುವ ಮಮತೆ, ಗುಮಾಸ್ತನಿಗೆ ಫೈಲಿನ ಮೇಲೆ ಇರುವಷ್ಟೇ.

ಡಬ್ಬದೊಳಗೆ ಒಂದು ಬಲ್ಬು, ಪುಟ್ಟ ಫ್ಯಾನು, ಶಾಖ ಹಿಡಿದಿಡುವ ಥರ್ಮೋಸ್ಟಾಟು, ತೇವಕ್ಕೆಂದು ಒಂದು ಸ್ಟೀಲ್ ಬಟ್ಟಲು ನೀರು. ಶಾಖ 37.5 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಲ್ಲಬೇಕು. 18 ದಿನ ತುಂಬುವವರೆಗೆ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸುತ್ತಿರಬೇಕು, ಇಲ್ಲದಿದ್ದರೆ ಪಿಂಡ ಒಳಗಿನ ಪೊರೆಗೆ ಅಂಟಿಕೊಳ್ಳುತ್ತದೆ. ಹೇಂಟೆ ಇದನ್ನು ಕೊಕ್ಕಿನಿಂದ, ನಿದ್ದೆಗಣ್ಣಿನಲ್ಲೇ ಮಾಡುತ್ತದೆ. ನಾನು ಅಲಾರಂ ಇಟ್ಟುಕೊಂಡು, ಲೆಕ್ಕ ತಪ್ಪಬಾರದೆಂದು ಪ್ರತಿ ಮೊಟ್ಟೆಯ ಒಂದು ಬದಿಗೆ ಸೊನ್ನೆ, ಇನ್ನೊಂದು ಬದಿಗೆ ಕತ್ತರಿ ಗುರುತು ಹಾಕಿ ಮಾಡಿದೆ. ಅದನ್ನು ಕಂಡ ಪಕ್ಕದ ಮನೆಯಾಕೆ ಮಾಟದ ಮೊಟ್ಟೆ ಅಂದುಕೊಂಡರಂತೆ. ಅಂದಿನಿಂದ ನಮ್ಮ ಮನೆಯಿಂದ ಹೋದ ಪಾಯಸದ ಲೋಟ ಮುಟ್ಟದೆ ವಾಪಸು ಬರುತ್ತಿದೆ.

ಅತ್ತೆಗೆ ಈ ಏರ್ಪಾಡು ಸರಿಬರಲಿಲ್ಲ. "ಇಷ್ಟು ಪಾಡು ಪಡೋ ಬದಲು ಮಂಕರೀಲಿ ಒಂದು ಹೇಂಟೆ ಕೂರಿಸಿದ್ರೆ ಆಗ್ತಿರ್ಲಿಲ್ವಾ ಅಳಿಯಂದ್ರೇ?" ಎಂದು ಗೊಣಗಿ, ಡಬ್ಬದೊಳಗೊಂದು ಕಬ್ಬಿಣದ ಮೊಳೆ ಹಾಕಿದರು. ಗುಡುಗಿದರೆ ಮೊಟ್ಟೆ ಕೆಡುತ್ತದೆ, ಕಬ್ಬಿಣ ಇದ್ದರೆ ಕಾಯುತ್ತದೆ ಎಂಬುದು ಅವರ ಕಡೆಯ ನಂಬಿಕೆ. ನಾನು ನಗುವಂತಿರಲಿಲ್ಲ. ನಮ್ಮ ಬಡಾವಣೆಯಲ್ಲಿ ಗುಡುಗಿದ ಮರುಕ್ಷಣ ಕರೆಂಟು ಹೋಗುತ್ತದೆ.

ಚಿಪ್ಪು ಒಡೆಯುವ ಮೊದಲೇ ಮರಿ ಒಳಗಿಂದ ಚಿಂವ್‌ಗುಡುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಹೇಂಟೆಯಾದರೆ ಲೊಕ್ ಲೊಕ್ ಎಂದು ಉತ್ತರ ಕೊಡುತ್ತದಂತೆ. ಯಾರೂ ಇಲ್ಲದಾಗ ನಾನೂ ಕೊಟ್ಟೆ. ಯಾರೂ ಇಲ್ಲ ಎಂದುಕೊಂಡಿದ್ದು ನಾನು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯೂ ಅವಳ ತಮ್ಮನೂ ನಿಂತಿದ್ದರು.

ಸುದ್ದಿ ಹಬ್ಬಿತು. ಮರಿ ಹೊರಬರುವುದನ್ನು ನೋಡಲು ಬೀದಿಯ ಮಕ್ಕಳು, ಮಕ್ಕಳನ್ನು ಕರೆದೊಯ್ಯುವ ನೆಪದಲ್ಲಿ ದೊಡ್ಡವರು. ಬಂದವರೆಲ್ಲ ಮುಚ್ಚಳ ತೆಗೆದು ಇಣುಕುವವರೇ. ಕೊನೆಯ ಮೂರು ದಿನ ಒಳಗಿನ ತೇವ ಶೇಕಡಾ 65ಕ್ಕಿಂತ ಮೇಲಿರಬೇಕು. ಮುಚ್ಚಳ ತೆಗೆದಾಗಲೆಲ್ಲ ಅದು ಪುಸ್ಸೆಂದು ಹೋಗುತ್ತದೆ. ಉಳಿದ ಮರಿಗಳು ಹೇಗೋ ಗೆದ್ದು ಬಂದವು. ಒಂದು ಮಾತ್ರ ಚಿಪ್ಪಿನಲ್ಲಿ ಹೆಸರುಕಾಳಿನಷ್ಟು ತೂತು ಮಾಡಿ, ಕೊಕ್ಕಿನ ತುದಿ ತೋರಿಸಿ, ಮುಷ್ಕರ ಹೂಡಿತು.

ಸಲಹೆಗಳ ಸುರಿಮಳೆ ಶುರುವಾಯಿತು. ಒಬ್ಬರು ಚಮಚದಲ್ಲಿ ಕುಟ್ಟಿ ಎಂದರು. ಇನ್ನೊಬ್ಬರು ಬಿಸಿನೀರಲ್ಲಿ ಮುಳುಗಿಸಿ ಎಂದರು; ಅದು ಬೇರೆ ಅಡುಗೆ ಎಂದು ನಾನು ನೆನಪಿಸಬೇಕಾಯಿತು. "ರೀ, ಅದಕ್ಕೆ ಉಸಿರು ಕಟ್ಟತ್ತೆ, ನೀವು ಏನಾದ್ರೂ ಮಾಡ್ರೀ" ಎಂದು ಹೆಂಡತಿ. ಆದರೆ ತೂತು ಮಾಡಿದ ಮರಿ ಸೋತು ಕೂತಿರುವುದಿಲ್ಲ. ಮೊದಲು ಅದು ಮೊಟ್ಟೆಯ ದಪ್ಪ ತುದಿಯ ಗಾಳಿಗೂಡನ್ನು ಚುಚ್ಚಿ ಶ್ವಾಸಕೋಶದಲ್ಲಿ ಉಸಿರಾಡಲು ಕಲಿಯುತ್ತದೆ. ಕೊಕ್ಕಿನ ಮೇಲಿನ ಗಟ್ಟಿ ಮೊನೆಯಿಂದ ಚಿಪ್ಪು ತೂತು ಮಾಡಿ, ಆಮೇಲೆ ಹನ್ನೆರಡು ಗಂಟೆಯೋ ಇಪ್ಪತ್ನಾಲ್ಕು ಗಂಟೆಯೋ ಸುಮ್ಮನಿರುತ್ತದೆ. ಆಗ ಪೊರೆಯ ರಕ್ತವೆಲ್ಲ ಮೈಯೊಳಕ್ಕೆ ಬರುತ್ತದೆ, ಹಳದಿ ಬಂಡಾರ ಹೊಕ್ಕುಳಿನ ಮೂಲಕ ಹೊಟ್ಟೆ ಸೇರುತ್ತದೆ. ಹೊರಬಂದ ಮೇಲೆ ಎರಡು ಮೂರು ದಿನ ಮೇವಿಲ್ಲದೆ ಬದುಕುವುದು ಈ ಬುತ್ತಿಯಿಂದಲೇ. ಹ್ಯಾಚರಿಯವರು ತೂತಿನ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳನ್ನು ದೂರದೂರಿಗೆ ಕಳಿಸುವುದೂ ಇದರ ಬಲದ ಮೇಲೆ. ನಡುವೆ ನಾವು ಚಿಪ್ಪು ಕಿತ್ತರೆ ರಕ್ತ ಹರಿದು ಮರಿ ಸಾಯುತ್ತದೆ. ಇಷ್ಟನ್ನೂ ವಿವರಿಸಿ ಮುಚ್ಚಳದ ಮೇಲೆ ರುಬ್ಬುಗುಂಡು ಇಟ್ಟು ಕಾವಲು ಕೂತೆ. ಏನೂ ಮಾಡದೆ ಕೂರುವುದಕ್ಕೆ ಬೇಕಾಗುವ ಶ್ರಮವನ್ನು ನನ್ನ ಇಲಾಖೆ ಎಂದೂ ನನ್ನಿಂದ ಕೇಳಿರಲಿಲ್ಲ.

ಒಂದು ಹಗಲು, ಒಂದು ರಾತ್ರಿ ಕಳೆದರೂ ತೂತು ಹಿಗ್ಗಲಿಲ್ಲ. ಅಂಚಿನ ಬಿಳಿ ಪೊರೆ ಒಣಗಿ ಕಂದಿ, ಮರಿಯ ಮೈಗೆ ಬಿಗಿದುಕೊಂಡಿತ್ತು. ಈಗ ಕಾಯುವುದರಲ್ಲಿ ಅರ್ಥವಿರಲಿಲ್ಲ. ಅತ್ತೆ ಟಾರ್ಚು ಹಿಡಿದರು. ನಾನು ಹತ್ತಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಮೂಗಿನ ಹೊಳ್ಳೆಗೆ ನೀರು ತಾಕದಂತೆ ಪೊರೆಯನ್ನು ನೆನೆಸಿ, ಚಿಪ್ಪನ್ನು ಚೂರು ಚೂರೇ ಬಿಡಿಸಿದೆ. ಕೆಂಪು ದಾರದಂಥ ನರ ಕಂಡಿತು. "ನೆತ್ತರು ಕಾಣ್ತು, ಕೈ ತೆಗೀರಿ!" ಎಂದರು ಅತ್ತೆ. ಅವರು ಯಾವ ಪುಸ್ತಕವನ್ನೂ ಓದಿದವರಲ್ಲ. ಮರಿಯನ್ನು ಮತ್ತೆ ಡಬ್ಬದಲ್ಲಿಟ್ಟು, ನರ ಬಣ್ಣಗೆಟ್ಟ ಮೇಲೆ ಇನ್ನಷ್ಟು ಬಿಡಿಸಿ, ತಲೆ ಬಿಡುಗಡೆಯಾದ ಕೂಡಲೇ ನಿಲ್ಲಿಸಿದೆ. ಉಳಿದರ್ಧ ಚಿಪ್ಪನ್ನು ಅದು ತಾನೇ ಒದ್ದು ಬರಬೇಕು, ಹೊಕ್ಕುಳು ಮುಚ್ಚಿಕೊಳ್ಳುವುದಕ್ಕೆ ಆ ಸಮಯ ಬೇಕು. ಒದ್ದು ಬಂತು. ಒದ್ದೆಯಾಗಿ, ಕತ್ತು ನಿಲ್ಲದೆ, ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ. ಬೀದಿಯವರು ಚಪ್ಪಾಳೆ ತಟ್ಟಿ, ತಮ್ಮ ತಮ್ಮ ಸಲಹೆಯಿಂದಲೇ ಬದುಕಿತೆಂದು ಹೇಳಿಕೊಂಡು ಹೋದರು.

ಈಗ ಅದು ಬಲಿತ ಹುಂಜ. ಬೆಳಗಿನ ಜಾವ ಮೂರೂವರೆಗೆ ನನ್ನ ಕಿಟಕಿಯ ಕೆಳಗೇ ಕೂಗುತ್ತದೆ, ಹಗಲು ಹಿತ್ತಲಿಗೆ ಹೋದರೆ ಕಾಲಿಗೆ ಕುಕ್ಕುತ್ತದೆ. ಕೈಯಾರೆ ಹುಟ್ಟಿಸಿದ್ದನ್ನು ಸಾರು ಮಾಡಲು ನನಗೆ ಮನಸ್ಸಿಲ್ಲ, ಅತ್ತೆಗೆ ಇದೆ. ಬೇಕಾದವರು ಬೇಗ ಬಂದು ಒಯ್ಯಬಹುದು. ದುಡ್ಡು ಬೇಡ, ಗಟ್ಟಿಯಾದ ಮಂಕರಿ ಮಾತ್ರ ನೀವೇ ತರಬೇಕು.