ಬಿನ್ನವತ್ತಳೆ: ಮಾಗಡಿಯಿಂದ ಮಾಗಡಿಗೆ

ಸಭೆಯ ಅಧ್ಯಕ್ಷರೇ, ಈ ಬಿಸಿಲಲ್ಲೂ ಮೈಸೂರು ಪೇಟ ತೆಗೆಯದೆ ಕೂತಿರುವ ಸನ್ಮಾನಿತ ಮೇಷ್ಟ್ರೇ, ಪಕ್ಕದಲ್ಲಿ ಒಲ್ಲದ ಮನಸ್ಸಿನಿಂದ ಕೂತಿರುವ ಅಮ್ಮಾವ್ರೇ, ಕೆಂಪೇಗೌಡರ ನಾಡಿನ ಮಹಾಜನಗಳೇ,

ಕೆರೆ ಕಟ್ಟಿಸಿದವರನ್ನು ಕೊಂಡಾಡುವುದು ನಮ್ಮ ಸೀಮೆಯ ರೂಢಿ. ಇವತ್ತು ಕೆರೆಯಲ್ಲಿ ಅಂಗಾತ ಮಲಗಲು ಯೋಜನೆ ಹಾಕಿದವರಿಗೆ ಶಾಲು ಹೊದಿಸುತ್ತಿದ್ದೇವೆ. ಯೋಜನೆ ಮಾತ್ರ ಆಗಿದೆ, ಮಲಗುವುದು ಬಾಕಿ. ಶಂಕುಸ್ಥಾಪನೆಗೇ ಹಾರ ಹಾಕುವ ನಮಗೆ ಇದೇನೂ ಹೊಸದಲ್ಲ.

ಮೇಷ್ಟ್ರಿಗೆ ಮಂಡಿನೋವು. ಒಂದು ಕಾಲಕ್ಕೆ ಮಕ್ಕಳನ್ನು ಸಾಲಾಗಿ ಕರಕೊಂಡು ಸಾವನದುರ್ಗ ಹತ್ತಿ ಇಳಿದವರು, ಈಗ ತಿರುಮಲೆ ರಂಗನಾಥಸ್ವಾಮಿಗೂ ಆಟೋದಲ್ಲೇ ಹೋಗಿ ಕೈ ಮುಗಿಯುತ್ತಾರೆ. ಉಪ್ಪುನೀರಿನ ಸರೋವರದಲ್ಲಿ ತೇಲಿದರೆ ನೋವು ಇಳಿಯುತ್ತದೆಂದು ಯಾರೋ ಮೊಬೈಲಿನಲ್ಲಿ ತೋರಿಸಿದರು. “ಒಂದು ಬಕೆಟ್ ಬಿಸಿನೀರು, ಒಂದು ಹಿಡಿ ಕಲ್ಲುಪ್ಪು, ಕಾಲಿಟ್ಕೊಂಡು ಕೂತ್ಕೊಳ್ಳಿ. ಅದಕ್ಯಾಕ್ರೀ ಪಾಸ್‌ಪೋರ್ಟು?” ಅಂದರು ಅಮ್ಮಾವ್ರು. ಇಷ್ಟು ಸಸ್ತಾ ಸಲಹೆಗೆ ಯಾವ ಮನೆಯಲ್ಲಿ ಬೆಲೆ ಉಂಟು?

ಮೊದಲು ಮೃತ ಸಮುದ್ರ. ಕಡಲ ಮಟ್ಟಕ್ಕಿಂತ ಸುಮಾರು 430 ಮೀಟರ್ ಕೆಳಗಿದೆ, ನೀರಿನ ತೂಕದಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಲವಣವೇ. ಈಜು ಬಾರದಿದ್ದರೂ ಮೈ ಮೇಲೇ ತೇಲುತ್ತದೆ, ಮೇಷ್ಟ್ರಿಗೆ ಹೇಳಿ ಮಾಡಿಸಿದ ನೀರು. ಆದರೆ ಆ ಕಡೆ ಯುದ್ಧದ ಗದ್ದಲ. ಮೇಲಾಗಿ ಅಲ್ಲಿ ನೀರು ವರ್ಷಕ್ಕೆ ಒಂದು ಮೀಟರಿನಂತೆ ಇಳಿಯುತ್ತಿದೆ. ಇವರು ಯೋಜನೆ ಹಾಕುವ ವೇಗಕ್ಕೆ ದಡವೇ ಕಾಯುವುದಿಲ್ಲ.

ಆಮೇಲೆ ಮಹಾರಾಷ್ಟ್ರದ ಲೋಣಾರ್. ಉಲ್ಕೆ ಬಿದ್ದು ಆದ ಗುಂಡಿ, ಕ್ಷಾರದ ನೀರು. 2020ರ ಜೂನ್‌ನಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗಿದ ಸುದ್ದಿ ಓದಿ ಅಮ್ಮಾವ್ರು ಪೇಪರು ಮಡಚಿಟ್ಟರು. ಅಲ್ಲಿಗೆ ಅದೂ ಮುಗಿಯಿತು.

ಕೊನೆಗೆ ಕೀನ್ಯಾ. ಅಲ್ಲಿಯದು ಸಾಕ್ಷಾತ್ ಮಾಗಡಿ ಸರೋವರ! ಟಿಕೆಟ್ ಮಾಡಿಸಲು ಹೋದಾಗ “ಎಲ್ಲಿಂದ ಎಲ್ಲಿಗೆ ಸಾರ್?” ಎಂದು ಕೇಳಿದ ಹುಡುಗನಿಗೆ ಮೇಷ್ಟ್ರು “ಮಾಗಡಿಯಿಂದ ಮಾಗಡಿಗೆ” ಅಂದರಂತೆ. ಹುಡುಗ ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸಿದನಂತೆ.

ಮಹಾಜನಗಳೇ, ಆ ಮಾಗಡಿ ನೈರೋಬಿಯಿಂದ ನೂರು ಚಿಲ್ಲರೆ ಕಿಲೋಮೀಟರು. ಬೇಸಿಗೆಯಲ್ಲಿ ನೀರು ಆರಿ ಬಹುಪಾಲು ಟ್ರೋನಾ ಎಂಬ ಸೋಡಾ ಗಟ್ಟಿಯಾಗಿ ಹರಡಿಕೊಳ್ಳುತ್ತದೆ. 1911ರಲ್ಲಿ ಹುಟ್ಟಿದ ಮಾಗಡಿ ಸೋಡಾ ಕಂಪನಿ ಈಗ ನಮ್ಮ ಟಾಟಾದವರದು. ಅಲ್ಲಿ ತೆಗೆದ ಸೋಡಾ ಗಾಜಿಗೂ ಬಟ್ಟೆಯ ಪುಡಿಗೂ ಹೋಗುತ್ತದೆ. ನಮ್ಮಜ್ಜಿಯರು ಬಟ್ಟೆ ಒಗೆಯುತ್ತಿದ್ದ ಚೌಳು ಮಣ್ಣಿನ ದೊಡ್ಡಪ್ಪನ ಮನೆ ಅದು. ದಡದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಕೆಲವು ಬುಗ್ಗೆಗಳಲ್ಲಿ ಶಾಖ 80 ಡಿಗ್ರಿ ದಾಟುತ್ತದೆ. ಬುಗ್ಗೆಯ ನೀರು ತುಸು ತಣಿದ ಕಡೆ ಬೆರಳುದ್ದದ ಜಿಲೇಬಿ ಮೀನಿನ ಜಾತಿಯೊಂದು ಸುಖವಾಗಿ ಬಾಳುತ್ತದೆ. ಅದು ಹುಟ್ಟಾ ಅಲ್ಲಿಯದು, ಮೇಷ್ಟ್ರು ಅಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಆ ಸೋಡಾವನ್ನು ಅಲ್ಲಿನವರು ಅಡುಗೆಗೂ ಬಳಸುತ್ತಾರೆ, ಗಟ್ಟಿ ಕಾಳು ಬೇಗ ಬೇಯಲಿ ಎಂದು. ಸೋಡಾ ನೀರು, ಕೆಳಗಿನಿಂದ ಕುದಿ, ನಡುವೆ ಮೇಷ್ಟ್ರು. ಅವರು ತಿರುಗಿ ಬರುವಾಗ ನಮ್ಮ ಮಾಗಡಿ ಅವರೆಕಾಳಿನ ಹಾಗೆ ಹಿಚುಕಿದರೆ ಸಿಪ್ಪೆ ಕಳಚುವಷ್ಟು ಹದವಾಗಿರುತ್ತಾರೆ ಎಂಬುದರಲ್ಲಿ ಈ ಸಮಿತಿಗೆ ಸಂಶಯವಿಲ್ಲ. ಅಲ್ಲಿ ಎಣ್ಣೆ ಹಚ್ಚಿ ಮೈ ಒತ್ತುವ ದೊಡ್ಡ ಸ್ಪಾಗಳ ಸಾಲಿಲ್ಲ, ಅದು ಕಾರ್ಖಾನೆಯ ಊರು ಎಂದು ನಾವು ಎಚ್ಚರಿಸಿದೆವು. “ಹೆಸರು ನಂಬಿ ಹೊರಟಿದ್ದೀನಿ” ಅಂದರು. ಹೆಸರು ನಂಬಿ ವೋಟು ಹಾಕಿದವರು ನಾವು, ಇವರಿಗೆ ಬುದ್ಧಿ ಹೇಳಲು ಯಾವ ಮುಖ?

ಆದ್ದರಿಂದ ಈ ಫಲ, ಪುಷ್ಪ, ಶಾಲುಗಳನ್ನು ಸಮಿತಿಯ ಪರವಾಗಿ ಅರ್ಪಿಸುತ್ತಾ, ಮೇಷ್ಟ್ರಲ್ಲಿ ಒಂದೇ ಅರಿಕೆ: ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಕಾರ್ಡನ್ನು ಜೇಬಿನಲ್ಲಿಟ್ಟುಕೊಳ್ಳಿ. ಅದಿಲ್ಲದೆ ಕೀನ್ಯಾದಿಂದ ಬಂದಿಳಿದರೆ ವಿಮಾನ ನಿಲ್ದಾಣದವರು ನಿಮ್ಮನ್ನು ಬೇರೆ ಕೂರಿಸುತ್ತಾರೆ, ಅಲ್ಲಿಗೆ ಅವರೆಕಾಳು ಸಾರು ತಲುಪಿಸಲು ನಮ್ಮ ಕೈಲಾಗದು.