ಶ್ರೀಮಾನ್ ಅಪಟೈಟ್ ಅವರ ಪಾದಕ್ಕೆ ಅಡಿಕೆ ತೋಟದಿಂದೊಂದು ಬಿನ್ನಹ

ಶಿಲಾಕುಲತಿಲಕರೂ, ಸಕಲ ಪ್ರಾಣಿಗಳ ಎಲುಬು ಹಲ್ಲುಗಳಲ್ಲಿ ನೆಲೆಸಿದವರೂ ಆದ ಶ್ರೀಮಾನ್ ಅಪಟೈಟ್ ಅವರಿಗೆ, ಬಂಟ್ವಾಳ ತಾಲೂಕಿನ ಅಡಿಕೆ ಕೃಷಿಕನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ನಮ್ಮ ಕಡೆ ತಮ್ಮನ್ನು ಅಪಟೈಟ್ ಎಂದು ಕರೆಯುವವರು ಕಡಿಮೆ. ಸೊಸೈಟಿಗೆ ಹೋಗಿ ‘ಎರಡು ಮೂಟೆ ರಾಕ್ ಫಾಸ್ಫೇಟ್’ ಎಂದರೆ ಸಾಕು, ತಾವು ಪಿಕಪ್ ಹತ್ತಿ ಬರುತ್ತೀರಿ. ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ಮಳೆಗೆ ನೆಲ ನೆನೆಯುತ್ತಿದ್ದಂತೆ ಮರದ ಬುಡ ಬಿಡಿಸಿ, ಯೂರಿಯಾ, ಪೊಟ್ಯಾಷ್ ಜೊತೆ ತಮ್ಮನ್ನೂ ಬುಡದ ಸುತ್ತ ಎರಚಿ ಸೊಪ್ಪು ಮುಚ್ಚುತ್ತೇವೆ. ತಾವು ಬಂದಿರೆಂಬ ಸಂತೋಷ ನಮ್ಮದು. ಬಂದ ಮೇಲೆ ತಾವು ಎಲ್ಲಿ ಹೋಗುತ್ತೀರಿ ಎಂಬುದನ್ನು ವಿನಯದಿಂದ ಕೇಳುವುದಕ್ಕೇ ಈ ಪತ್ರ.

ತಮ್ಮ ಹಿರಿಮೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಸಾರಜನಕವನ್ನು ಗಾಳಿಯಿಂದ ಹಿಡಿದು ತರುವ ಬ್ಯಾಕ್ಟೀರಿಯಾಗಳು ದ್ವಿದಳ ಗಿಡಗಳ ಬೇರಿನಲ್ಲೇ ಇವೆ. ಕಾರ್ಖಾನೆಯಲ್ಲೂ ಆ ಕೆಲಸ ಆಗುತ್ತದೆ. ರಂಜಕಕ್ಕೆ, ಅಂದರೆ ಫಾಸ್ಫರಸ್ಸಿಗೆ, ಆ ದಾರಿಯಿಲ್ಲ. ಅದು ಬರಬೇಕಾದರೆ ಮೂಲದಲ್ಲಿ ತಮ್ಮಂಥ ಕಲ್ಲು ಕರಗಲೇಬೇಕು. ಜೀವಕೋಶದೊಳಗೆ ಶಕ್ತಿ ಸಾಗಿಸುವ ಅಣುವಿನಲ್ಲಿ, ವಂಶದ ಗುಣ ಬರೆದಿಟ್ಟ ಎಳೆಯಲ್ಲಿ ರಂಜಕವಿದೆ, ಅದರ ಜಾಗಕ್ಕೆ ಬೇರೇನನ್ನೂ ಕೂರಿಸಲು ಬರುವುದಿಲ್ಲ. ತಮ್ಮ ಪುಡಿ ಹಾಕಿ ಬೆಳೆಸಿದ ಅಡಿಕೆಯನ್ನು ಕಡಿಯುವ ಹಲ್ಲಿನ ಮೇಲ್ಪದರವೂ ತಾವೇ. ಇಂಥ ಸರ್ವವ್ಯಾಪಿಗಳ ಮುಂದೆ ದೂರು ಹೇಳಲು ನಾಲಿಗೆ ತಡವರಿಸುತ್ತದೆ. ಆದರೂ ಹೇಳುತ್ತೇನೆ, ದಯವಿಟ್ಟು ಕ್ಷಮಿಸಬೇಕು.

ತಾವು ಹೊರಗಿನವರೇನೂ ಅಲ್ಲ. ಬೆಳ್ತಂಗಡಿಯ ಗಡಾಯಿಕಲ್ಲಿನ ಗ್ರಾನೈಟಿನ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಇರುವ ಹಾಗೆ, ತಮ್ಮ ಆರು ಮೂಲೆಯ ಸಣ್ಣ ಹರಳುಗಳು ಸಿಗಬೇಕು. 1604ರಲ್ಲಿ ತಿಮ್ಮಣ್ಣ ಅಜಿಲರು ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿಯ ಮೈಯಲ್ಲೂ, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಲ್ಲುಕಂಬಗಳಲ್ಲೂ ತಾವು ಸದ್ದಿಲ್ಲದೆ ಕುಳಿತಿದ್ದೀರಿ. ಭೂಮಿಯ ಮೇಲ್ಪದರದಲ್ಲಿ ಸಾವಿರ ಭಾಗಕ್ಕೆ ಒಂದು ಭಾಗದಷ್ಟು ರಂಜಕವಿದೆ. ಅಷ್ಟು ತೆಳ್ಳಗೆ ಹರಡಿಕೊಂಡರೆ ನಮ್ಮ ಗುದ್ದಲಿಗೆ ತಾವು ಸಿಗುವುದಾದರೂ ಹೇಗೆ? ಊರಿನವರೇ ಆಗಿದ್ದೂ ತೋಟಕ್ಕೆ ಇಳಿಯದ ತಮ್ಮ ಸಂಕೋಚವನ್ನು ಗೌರವಿಸುತ್ತಲೇ, ದೂರದಿಂದ ತಮ್ಮ ಬಂಧುಗಳನ್ನು ದುಡ್ಡು ಕೊಟ್ಟು ಕರೆಸುತ್ತಿದ್ದೇವೆ.

ಬಂದವರಿಗೆ ನಮ್ಮ ಮಣ್ಣು ಮಾಡುವ ಸತ್ಕಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇದೇ ನನ್ನ ದೊಡ್ಡ ದುಃಖ. ಈ ಸೀಮೆಯಲ್ಲೆಲ್ಲ ತಿರುಗಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟು 1807ರ ತನ್ನ ಪುಸ್ತಕದಲ್ಲಿ ಬರೆದ. ನಾವು ಅದನ್ನು ಮುರಕಲ್ಲು ಎನ್ನುತ್ತೇವೆ, ಅದರಲ್ಲೇ ಮನೆ ಕಟ್ಟುತ್ತೇವೆ, ಅದರ ಪುಡಿಯಲ್ಲೇ ತೋಟ ಮಾಡುತ್ತೇವೆ. ಲಕ್ಷಾಂತರ ವರ್ಷಗಳ ಮಳೆ ಈ ನೆಲದ ಸುಣ್ಣ, ಪೊಟ್ಯಾಷ್, ಸಿಲಿಕಾಗಳನ್ನು ತೊಳೆದು ಸಮುದ್ರಕ್ಕೆ ಒಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಂಗಳನ್ನು ನಮಗೆ ಬಿಟ್ಟಿದೆ. ಮಣ್ಣು ಹುಳಿ. ಆ ಹುಳಿಯೇ ತಮ್ಮನ್ನು ಕರಗಿಸುತ್ತದೆ. ಅದಕ್ಕೇ ಪಿಎಚ್ ಐದೂವರೆಗಿಂತ ಕೆಳಗಿರುವ ಜಾಗಕ್ಕೆ ಸೂಪರ್ ಫಾಸ್ಫೇಟಿನ ಬದಲು ರಾಕ್ ಫಾಸ್ಫೇಟ್ ಸಾಕು ಎನ್ನುತ್ತಾರೆ. ಸುಣ್ಣದ ಸಂಕೋಲೆ ಕಳಚಿ ತಾವು ಹೊರಬಂದಿರಿ ಎನ್ನುವಷ್ಟರಲ್ಲಿ ಅದೇ ಹುಳಿ ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ತಮ್ಮ ಕೈ ಹಿಡಿದು ಕೂರಿಸಿಬಿಡುತ್ತವೆ. ಬೇರು ಒಂದು ಗೇಣು ದೂರದಲ್ಲಿದ್ದರೂ ತಾವು ಅಲ್ಲಿಯತನಕ ನಡೆಯುವುದಿಲ್ಲ. ದೈವದ ಭಂಡಾರವಾದರೂ ವರ್ಷಕ್ಕೊಮ್ಮೆ ನೇಮದ ದಿನ ಪೆಟ್ಟಿಗೆಯಿಂದ ಹೊರಬರುತ್ತದೆ. ತಾವು ನಮ್ಮ ಮಣ್ಣಿನೊಳಗೆ ಹೊಕ್ಕರೆ ನೇಮಕ್ಕೂ ಏಳುವುದಿಲ್ಲ.

ಹಾಗೆಂದು ಹುಳಿ ಕಡಿಮೆಯಾಗಲೆಂದು ಸುಣ್ಣ ಹಾಕಿದರೆ ತಮಗೆ ಅದೂ ಆಗಿಬರುವುದಿಲ್ಲ. ಸುಣ್ಣ ಬಿದ್ದ ಬುಡದಲ್ಲಿ ತಾವು ಕರಗುವುದನ್ನೇ ನಿಲ್ಲಿಸುತ್ತೀರಿ. ಎರಡನ್ನೂ ಒಂದೇ ವಾರದಲ್ಲಿ ಎರಚಿ, ಎರಡರ ದುಡ್ಡನ್ನೂ ಕಳೆದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವೆರಡನ್ನು ಬೇರೆ ಬೇರೆ ಕಾಲಕ್ಕೆ ಹಾಕಬೇಕೆಂದು ಮೂಟೆಯ ಮೇಲೆ ಒಂದು ಸಾಲು ಬರೆಸಲು ತಾವು ಕೃಪೆ ಮಾಡಬೇಕು.

ಮೂಟೆಯ ಮಾತು ಬಂತು. ಅದರ ಮೇಲೆ ಶೇಕಡಾ 20 ಎಂದು ಅಚ್ಚಾಗಿರುತ್ತದೆ. ಅದು ಫಾಸ್ಫರಸ್ ಪೆಂಟಾಕ್ಸೈಡಿನ ಲೆಕ್ಕ, ರಂಜಕದ್ದಲ್ಲ. 50 ಕಿಲೋ ಮೂಟೆಯಲ್ಲಿ 10 ಕಿಲೋ ಪೆಂಟಾಕ್ಸೈಡ್, ಅದರಲ್ಲಿ ಆಮ್ಲಜನಕ ಕಳೆದರೆ ಉಳಿಯುವ ರಂಜಕ ನಾಲ್ಕು ಕಿಲೋ ಚಿಲ್ಲರೆ. ಅದೂ ಒಟ್ಟು; ಈ ವರ್ಷ ಬೇರಿಗೆ ಸಿಗುವುದು ಅದರ ಸಣ್ಣ ಪಾಲು. ನಮ್ಮದೇ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಶುರುವಾದ ಅಡಿಕೆ ಸಂಶೋಧನಾ ಕೇಂದ್ರ, ಈಗ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐನ ಪ್ರಾದೇಶಿಕ ಕೇಂದ್ರ. ಅಲ್ಲಿಯ ಶಿಫಾರಸು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ಫಾಸ್ಫೇಟ್ (ಅದೇ ಪೆಂಟಾಕ್ಸೈಡ್ ಲೆಕ್ಕದಲ್ಲಿ), 140 ಗ್ರಾಂ ಪೊಟ್ಯಾಷ್. ನಲವತ್ತು ಗ್ರಾಂ ಎಂದರೆ ತಮ್ಮ ಪುಡಿ 200 ಗ್ರಾಂ, ಎಕರೆಯ 550 ಮರಕ್ಕೆ ಎರಡು ಮೂಟೆಯ ಮೇಲೆ ಹತ್ತು ಕಿಲೋ. ಅದೇ ಶಿಫಾರಸಿನಲ್ಲಿ ಮರಕ್ಕೆ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್ ಅಂತಲೂ ಇದೆ. ಆಳಿಲ್ಲ, ಸೊಪ್ಪು ಕಡಿಯುವವರಿಲ್ಲ ಎಂದು ಆ ಸಾಲನ್ನು ನಾವು ಓದದೇ ಬಿಟ್ಟೆವು.

ಪುಡಿ ನುಣ್ಣಗಿದ್ದಷ್ಟೂ ತಾವು ಬೇಗ ಕರಗುತ್ತೀರಿ. 100 ಮೆಶ್ ಜರಡಿಯಲ್ಲಿ ಇಳಿಯುವಂತಿರಬೇಕು ಎನ್ನುತ್ತಾರೆ. ಒಂದು ಅಂಗಡಿಯಿಂದ ತಂದ ಮೂಟೆ ಬಿಚ್ಚಿ ಚಿಟಿಕೆ ಪುಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದೆ. ಕರಕರ ಎಂದಿತು. ನೀರು ತುಂಬಿದ ಗಾಜಿನ ಲೋಟಕ್ಕೆ ಒಂದು ಚಮಚ ಹಾಕಿ ಕದಡಿದರೆ ಅರ್ಧಕ್ಕರ್ಧ ಒಂದೇ ಏಟಿಗೆ ತಳ ಸೇರಿತು, ಉಳಿದದ್ದು ಬೂದು ನೀರಾಗಿ ತೇಲಿತು. ತಮಗೂ ಅಂಗಳದ ಮಣ್ಣಿಗೂ ಬಣ್ಣದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲದಿರುವುದು ತಮ್ಮ ಸರಳತೆ ಇರಬಹುದು, ಆದರೆ ಅದು ಮಾರುವವರಿಗೆ ಎಷ್ಟು ಅನುಕೂಲ ಎಂಬುದನ್ನು ತಾವು ಗಮನಿಸಬೇಕು. ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬರುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಬಡ ಕೃಷಿಕನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಕಡಿಮೆ.

ತಮ್ಮ ದೇಶಾಟನೆಯ ಬಗ್ಗೆಯೂ ಒಂದು ಮಾತು. ಉದಯಪುರದ ಝಾಮರ್‌ಕೋಟ್ರಾದಲ್ಲಿ, ಪುರಾತನ ಸೂಕ್ಷ್ಮಜೀವಿಗಳು ಆಳವಿಲ್ಲದ ಕಡಲಿನಲ್ಲಿ ಪದರ ಪದರವಾಗಿ ಕಟ್ಟಿದ ಬಂಡೆಯಲ್ಲಿ ತಾವಿದ್ದೀರಿ. ಮಸ್ಸೂರಿಯಲ್ಲಿದ್ದಿರಿ, ಹಳಬರ ಬಾಯಲ್ಲಿ ಇಂದಿಗೂ ‘ಮಸ್ಸೂರಿ ಫಾಸ್’ ಎಂಬ ಹೆಸರು ಉಳಿದಿದೆ. ಆದರೂ ಈ ದೇಶಕ್ಕೆ ಬೇಕಾದದ್ದರಲ್ಲಿ ಹೆಚ್ಚು ಪಾಲು ಹಡಗಿನಲ್ಲೇ ಬರಬೇಕು. ಪಣಂಬೂರಿನ ಬಂದರಿನಲ್ಲಿ ಇಳಿಯುವ ಫಾಸ್ಫಾರಿಕ್ ಆಮ್ಲವೂ ತಾವೇ, ಕಲ್ಲಿನ ರೂಪ ಬಿಟ್ಟು ದ್ರವವಾಗಿ ಬಂದದ್ದಷ್ಟೆ. ಜಗತ್ತಿನ ನಿಕ್ಷೇಪದ ಸುಮಾರು ಶೇಕಡಾ 70 ಮೊರೊಕ್ಕೊ ಮತ್ತು ಅದರ ಹಿಡಿತದ ಪಶ್ಚಿಮ ಸಹಾರಾದಲ್ಲಿ ತಾವು ಬಚ್ಚಿಟ್ಟಿರುವುದು ನಮ್ಮ ದುರದೃಷ್ಟ. 2007–08ರಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ತಮ್ಮ ಬೆಲೆ ಟನ್ನಿಗೆ 50 ಡಾಲರಿನ ಆಸುಪಾಸಿನಿಂದ 400 ಡಾಲರ್ ದಾಟಿತು. ಮರುಭೂಮಿಯಲ್ಲಿ ಯಾರೋ ಬೆಲೆ ಏರಿಸಿದರೆ ಬೆಳ್ತಂಗಡಿಯ ಬೈಲಿನಲ್ಲಿ ಕೃಷಿಕ ಕೈ ಹಿಡಿತ ಮಾಡಬೇಕು. ಅಲ್ಲಿಂದ ತಾವು ಒಬ್ಬರೇ ಬರುವುದೂ ಇಲ್ಲ. ಕ್ಯಾಡ್ಮಿಯಂ, ಯುರೇನಿಯಂಗಳ ಸಣ್ಣ ಅಂಶವನ್ನೂ ಜೊತೆಯಲ್ಲಿ ಕರೆತರುತ್ತೀರಿ. ಆ ಅತಿಥಿಗಳನ್ನು ನಾವು ಆಹ್ವಾನಿಸಿರಲಿಲ್ಲ.

ಬಂದದ್ದಾದರೂ ಇಲ್ಲೇ ನಿಲ್ಲುತ್ತದೆಯೇ? ತಾವು ನೀರಿನಲ್ಲಿ ಕರಗಿ ಹೋಗುವವರಲ್ಲ, ಮಣ್ಣಿನ ಜೊತೆಗೇ ಹೋಗುವವರು. ಆಟಿ ತಿಂಗಳ ಮಳೆಗೆ ನೇತ್ರಾವತಿ, ಫಲ್ಗುಣಿ ಕೆಂಪಗೆ ಹರಿಯುವಾಗ ಆ ಕೆಂಪಿನಲ್ಲಿ ನಮ್ಮ ಬುಡದ ಮೇಲ್ಮಣ್ಣಿದೆ, ಮೇಲ್ಮಣ್ಣಿನಲ್ಲಿ ತಾವಿದ್ದೀರಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕಡೆಯ ಗುಡ್ಡ ಜರಿದು, ತೋಟಗಳ ಮೇಲೆ ಮರಳು ಹಾಸಿ ಹೋದ ನೆರೆ, ಎಷ್ಟು ತಲೆಮಾರು ಹಾಕಿದ ಹಟ್ಟಿಗೊಬ್ಬರವನ್ನು ಒಯ್ದಿತೋ. ಕಡಲು ಸೇರಿದ ರಂಜಕ ಪಾಚಿಯಾಗಿ, ಪಾಚಿಯಿಂದ ಬೂತಾಯಿ ಮೀನಾಗಿ ನಮ್ಮ ಬಟ್ಟಲಿಗೆ ಮರಳಿ ಬರುತ್ತದೆ ಎಂಬುದು ನಿಜ. ಹಿಂದೆ ಕರಾವಳಿಯ ತೆಂಗಿನ ಬುಡಕ್ಕೆ ಒಣಗಿಸಿದ ಬೂತಾಯಿಯನ್ನೇ ಹೂಳುತ್ತಿದ್ದರು. ಈಗ ಮೀನಿನ ಮುಳ್ಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಸ್ತೆ ಬದಿಗೆ ಹೋಗುತ್ತದೆ. ಅದೂ ಅಪಟೈಟೇ, ಮೊರೊಕ್ಕೊದಿಂದ ಬಂದದ್ದಲ್ಲ ಅಷ್ಟೆ.

ತಮ್ಮನ್ನು ಮೂಟೆಯಲ್ಲಿ ತರಿಸುವ ಮೊದಲು ನಮ್ಮ ಹಿರಿಯರು ತಮ್ಮನ್ನು ಮಣ್ಣಿನಿಂದಲೇ ಬಿಡಿಸಿಕೊಳ್ಳುತ್ತಿದ್ದರು. ತೋಟಕ್ಕೆ ತಾಗಿದ ಕುಮ್ಕಿ ಜಾಗದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಬುಡಕ್ಕೆ. ಕೊಳೆಯುವ ಸೊಪ್ಪಿನಿಂದ ಹುಟ್ಟುವ ಆಮ್ಲಗಳು ಕಬ್ಬಿಣದ ಹಿಡಿತವನ್ನು ಸಡಿಲಿಸುತ್ತವೆ. ತರಕಾರಿ ಸಾಲಿಗೆ, ಮಲ್ಲಿಗೆ ಬುಡಕ್ಕೆ ಸುಡುಮಣ್ಣು. ತರಗೆಲೆ, ಕಸಕಡ್ಡಿ ಒಟ್ಟಿ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಒಳಗೊಳಗೇ ಉರಿದು ಮಣ್ಣು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಹಾಗೆ ಸುಟ್ಟ ಮಣ್ಣಿನಲ್ಲಿ ಬೇರಿಗೆ ಸಿಗುವ ರಂಜಕ ಹೆಚ್ಚುತ್ತದೆ. ಬಚ್ಚಲೊಲೆಯಲ್ಲಿ ಉರಿದ ಅಡಿಕೆ ಸಿಪ್ಪೆಯ ಬೂದಿ ತೋಟಕ್ಕೇ ಹೋಗುತ್ತಿತ್ತು. ಈಗ ಗೀಸರ್ ಬಂದಿದೆ, ಹಟ್ಟಿ ಖಾಲಿಯಾಗಿದೆ, ಕುಮ್ಕಿಯಲ್ಲಿ ರಬ್ಬರ್ ನಿಂತಿದೆ. ಹುಳಿ ಮಣ್ಣಿನಿಂದ ತಮ್ಮನ್ನು ಎಳೆದು ಬೇರಿಗೆ ತಲುಪಿಸುವ ಶಿಲೀಂಧ್ರಗಳು ಮಾತ್ರ ಇನ್ನೂ ಇವೆ. ತಾವು ವರ್ಷ ವರ್ಷವೂ ಧಾರಾಳವಾಗಿ ಬಂದರೆ ಮರ ಆ ಶಿಲೀಂಧ್ರಗಳನ್ನೂ ಸಾಕುವುದು ಬಿಡುತ್ತದೆ. ಇದು ತಮ್ಮ ಔದಾರ್ಯದ ಮೇಲೆ ನನ್ನ ಅತ್ಯಂತ ಕಠಿಣವಾದ ಆರೋಪ.

ಈ ಬಾರಿ ಮಣ್ಣು ಪರೀಕ್ಷೆ ಮಾಡಿಸಿದೆ. ಬೋರಾನ್ ಕಡಿಮೆ, ಸತು ಕಡಿಮೆ, ರಂಜಕದ ಸಾಲಿನಲ್ಲಿ ‘ಅಧಿಕ’. ರಂಜಕ ಹೆಚ್ಚಾದರೆ ಗಿಡಕ್ಕೆ ಸತು ಸಿಗುವುದು ಕಷ್ಟವಾಗುತ್ತದೆ, ಗೊತ್ತಿರುವವರಾದ ತಮಗೆ ನಾನು ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಎರಚಿದ್ದು ಎಲ್ಲಿ ಹೋಯಿತು ಎಂಬುದಕ್ಕೆ ಆ ಕಾಗದದಲ್ಲಿ ಉತ್ತರವಿತ್ತು: ಎಲ್ಲಿಗೂ ಹೋಗಿರಲಿಲ್ಲ. ಅಕ್ಕಪಕ್ಕದ ತೋಟದವರಿಗೆ ಆ ಕಾಗದ ತೋರಿಸಿ, ನೀವೂ ಪರೀಕ್ಷೆ ಮಾಡಿಸಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಎಲ್ಲ ತೋಟದಲ್ಲೂ ಇದೇ ಉತ್ತರ ಬರಬೇಕೆಂದಿಲ್ಲ. ಹೊಸದಾಗಿ ಗುಡ್ಡೆ ಸವರಿ ಸಸಿ ಇಟ್ಟವರಿಗೆ ತಾವು ಬೇಕೇ ಬೇಕು, ಅಲ್ಲಿಗೆ ದಯಮಾಡಿಸಿ.

ನಮ್ಮಲ್ಲಿಗೆ ಮಾತ್ರ, ಗೊಬ್ಬರದ ಎರಡನೆಯದಾದ ಸೆಪ್ಟೆಂಬರ್ ಕಂತಿಗೆ ತಾವು ಬರುವುದು ಬೇಡ. ಸೊಸೈಟಿಯಲ್ಲಿ ಹೇಳಿ ಬಂದಿದ್ದೇನೆ. ಆ ದುಡ್ಡು ಸತುವಿನ ಸಲ್ಫೇಟಿಗೆ, ಬೋರಾಕ್ಸಿಗೆ ಮತ್ತು ಗುಡ್ಡೆಯ ಸೊಪ್ಪು ಕಡಿಯುವ ಆಳುಗಳಿಗೆ ಹೋಗುತ್ತದೆ. ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿದು ಬಂದರೆ ನಾನೇ ಪಿಕಪ್ ತಂದು ತಮ್ಮನ್ನು ಕರೆದೊಯ್ಯುತ್ತೇನೆ. ಅಲ್ಲಿಯವರೆಗೆ ನಮ್ಮ ಬುಡದಲ್ಲಿ ಈಗಾಗಲೇ ಕುಳಿತಿರುವ ತಮ್ಮ ಬಂಧುಗಳನ್ನು ದಯವಿಟ್ಟು ಬೇರಿನ ಕಡೆಗೆ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಇತಿ ತಮ್ಮ ವಿಧೇಯ,
ಬಂಟ್ವಾಳ ತಾಲೂಕಿನ ಒಬ್ಬ ಅಡಿಕೆ ಕೃಷಿಕ